ಶಾರ್ತ್ರ್ ಕ್ಯಾಥೆಡ್ರಲ್‌ನ ನೆಲಮಾಳಿಗೆಯ ಮೇರಿ ಮಾತೆ ಕ್ರಿಸ್ತನ ಕಾಲಕ್ಕಿಂತಲೂ ಹಿಂದಿನವಳಾ?

ಫ್ರಾನ್ಸಿನ ಶಾರ್ತ್ರ್‌ನಲ್ಲಿ ಡ್ರೂಯಿಡರು, ಅಂದ್ರೆ ಪ್ರಾಚೀನ ಕೆಲ್ಟ್ ಜನರ ಪೂಜಾರಿಗಳು, ಕ್ರಿಸ್ತ ಹುಟ್ಟುವ ಮೊದಲೇ ಮೇರಿಯ ಮೂರ್ತಿ ಇಟ್ಟು ಪೂಜಿಸುತ್ತಿದ್ದರಂತೆ, ನಿಜವಾ ಅಂತ ಕೇಳಿದ್ದೀರಿ. ಇಲ್ಲ, ಅದಕ್ಕೆ ಪುರಾವೆಯೇ ಇಲ್ಲ. ಡ್ರೂಯಿಡರು ವರ್ಷಕ್ಕೊಮ್ಮೆ ಕಾರ್ನೂಟ್ ಅನ್ನೋ ಬುಡಕಟ್ಟಿನ ಸೀಮೆಯಲ್ಲಿ ಸೇರುತ್ತಿದ್ದರು ಅಂತ ಜೂಲಿಯಸ್ ಸೀಸರ್ ಬರೆದಿದ್ದಾನೆ, ಶಾರ್ತ್ರ್ ಇರುವುದು ಅದೇ ಸೀಮೆಯಲ್ಲಿ. ಮೇರಿಯ ಕತೆ ಅದಕ್ಕೆ ಅಂಟಿಕೊಂಡಿದ್ದು ಎಷ್ಟೋ ಶತಮಾನ ಆದಮೇಲೆ. ತಮ್ಮೂರಿನ ದೇವರೇ ಎಲ್ಲರಿಗಿಂತ ಹಳಬ ಅನ್ನೋ ಆಸೆ ಯಾವ ಊರಿಗಿಲ್ಲ ಹೇಳಿ!

ಕಟ್ಟಡದ ಕತೆ ಮಾತ್ರ ಗಟ್ಟಿಯಾಗಿದೆ. 1020ರಲ್ಲಿ ಹಳೆಯ ಚರ್ಚ್ ಸುಟ್ಟುಹೋದಾಗ ಬಿಷಪ್ ಫುಲ್ಬೆರ್ ದೊಡ್ಡ ನೆಲಮಾಳಿಗೆ ಕಟ್ಟಿಸಿದ. 1194ರಲ್ಲಿ ಮತ್ತೆ ಬೆಂಕಿ ಬಿತ್ತು. ಮೇಲಿನದ್ದು ಹೋಯಿತು, ನೆಲಮಾಳಿಗೆ ಉಳಿಯಿತು. ಮೇರಿಯದು ಅಂತ ನಂಬಿದ ಬಟ್ಟೆಯನ್ನು ಪಾದ್ರಿಗಳು ಅಲ್ಲೇ ಬಚ್ಚಿಟ್ಟಿದ್ದು, ಮೂರು ದಿನದ ಮೇಲೆ ಹೊರತಂದರು ಅಂತಾರೆ. ಈಗಿರುವ ಕ್ಯಾಥೆಡ್ರಲ್ ನಿಂತಿರುವುದು ಆ ಹಳೆ ಗೋಡೆಗಳ ಮೇಲೆಯೇ.

ಉತ್ತರದ ಕಡೆಯ ಉದ್ದನೆಯ, ತಗ್ಗು ಕಮಾನಿನ ಓಣಿಯಲ್ಲಿ ಮೇರಿಯ ಚಾಪೆಲ್, ಅಂದ್ರೆ ಚಿಕ್ಕ ಪ್ರಾರ್ಥನಾ ಮಂದಿರ ಇದೆ. ಫ್ರೆಂಚಿನಲ್ಲಿ 'ನೋತ್ರ್ ದಾಮ್ ದ ಸೂ-ತೇರ್', ಅಂದ್ರೆ ನೆಲದಡಿಯ ಮಾತೆ. ತೊಡೆಯ ಮೇಲೆ ಮಗುವನ್ನು ಕೂರಿಸಿಕೊಂಡ ಮರದ ಮೂರ್ತಿ. ಹಳೆಯದನ್ನು ಫ್ರೆಂಚ್ ಕ್ರಾಂತಿಯವರು 1793ರ ಡಿಸೆಂಬರಿನಲ್ಲಿ ಕ್ಯಾಥೆಡ್ರಲ್ ಮುಂದೆಯೇ ಸುಟ್ಟರು. ಅದು ಸುಮಾರು 11-12ನೇ ಶತಮಾನದ್ದು, ಡ್ರೂಯಿಡರ ಕಾಲದ್ದಲ್ಲ ಅಂತ ಬಲ್ಲವರ ಅಂದಾಜು. 1857ರಲ್ಲಿ ಹೊಸದನ್ನು ಇಟ್ಟರು, 1976ರಲ್ಲಿ ಅದನ್ನೂ ಬದಲಿಸಿದರು. ಹಾಗಾಗಿ ಕಪ್ಪಗಿನ ಪುರಾತನ ಮೂರ್ತಿ ಸಿಗುತ್ತೆ ಅಂತ ಹೋದರೆ ಸ್ವಲ್ಪ ನಿರಾಸೆ ಆಗಬಹುದು.

ನನಗೆ ಜಾಸ್ತಿ ಹಿಡಿಸಿದ್ದು ಅಲ್ಲೇ ಹತ್ತಿರ ಇರುವ ಬಾವಿ. ಸುಮಾರು 33 ಮೀಟರ್ ಆಳ. ವೈಕಿಂಗರು 858ರಲ್ಲಿ ಊರಿಗೆ ನುಗ್ಗಿದಾಗ ಕೊಂದವರನ್ನು ಇದಕ್ಕೇ ಎಸೆದರು ಅನ್ನೋ ಕತೆಯಿಂದ 'ಧೀರ ಸಂತರ ಬಾವಿ' ಅಂತ ಹೆಸರು. ಯಾತ್ರಿಕರು ಇದರ ನೀರು ಕುಡಿದು ಕಾಯಿಲೆ ವಾಸಿಯಾಗುತ್ತೆ ಅಂತ ನಂಬಿದ್ದರು. 17ನೇ ಶತಮಾನದಲ್ಲಿ ಅದನ್ನು ಮುಚ್ಚಿಹಾಕಿದರು, ಆಮೇಲೆ ಎಲ್ಲಿತ್ತು ಅನ್ನೋದೇ ಮರೆತುಹೋಯ್ತು, 1901ರಲ್ಲಿ ಅಗೆದಾಗ ಮತ್ತೆ ಸಿಕ್ಕಿತು. ಕ್ರಿಸ್ತನಿಗಿಂತ ಹಿಂದೆಯೂ ಇಲ್ಲಿ ಏನೋ ಇತ್ತು ಅಂತ ವಾದಿಸೋರಿಗೆ ಈ ಬಾವಿಯೇ ಆಧಾರ. ಆದ್ರೆ ಬಾವಿ ಹಳೆಯದಾದ ಮಾತ್ರಕ್ಕೆ ಮೂರ್ತಿ ಹಳೆಯದಾಗಲ್ಲ ಅಲ್ವಾ?

ಹೋಗೋದಾದ್ರೆ ನೆಲಮಾಳಿಗೆಗೆ ಗೈಡ್ ಜೊತೆಗೇ ಬಿಡೋದು, ಸಮಯ ಮೊದಲೇ ನೋಡಿಕೊಳ್ಳಿ. ಮೇಲಿನ ಕ್ಯಾಥೆಡ್ರಲ್‌ನಲ್ಲಿ ಕಂಬದ ಮೇಲಿರುವ ಮೇರಿಯ ಮೂರ್ತಿಯೇ ಬೇರೆ, ಎಷ್ಟೋ ಜನ ಅದನ್ನೇ ನೋಡಿ ನೆಲದಡಿಯದೂ ಆಯ್ತು ಅಂದುಕೊಂಡು ವಾಪಸ್ ಬರ್ತಾರೆ.