ಅಡುಗೆ ಕಲಿಸಲು ಯಾವ ಆ್ಯಪ್ ಒಳ್ಳೆಯದು? ಮೊದಲು ಕ್ಯಾಮೆರಾ ತೆರೆಯಿರಿ

ಬೌದ್ಧಿಕ ವೈಕಲ್ಯ ಇರುವ ಹದಿಹರೆಯದ ವಿದ್ಯಾರ್ಥಿಗಳಿಗೆ ಅಡುಗೆ ಕಲಿಸಬೇಕು, ತರಗತಿಗೆ ಒಂದು ಟ್ಯಾಬ್ಲೆಟ್ ಸಿಕ್ಕಿದೆ, ಅದಕ್ಕೆ ಯಾವ ಆ್ಯಪ್ ಹಾಕಿಕೊಳ್ಳಲಿ ಎಂದು ಕೇಳಿದ್ದೀರಿ. ನಾನು ವಿಶೇಷ ಶಿಕ್ಷಕಿ, ಇಂಥ ಮಕ್ಕಳ ಜೊತೆ ಅಡುಗೆಮನೆಯಲ್ಲೇ ಜಾಸ್ತಿ ಹೊತ್ತು ಕಳೆಯುವವಳು. ಆ್ಯಪ್ ಹುಡುಕುವುದನ್ನು ಸದ್ಯಕ್ಕೆ ಬಿಡಿ. ಆ ಟ್ಯಾಬ್ಲೆಟ್ಟಿನ ಕ್ಯಾಮೆರಾ ಮತ್ತು ಗ್ಯಾಲರಿ ಸಾಕು.

ಇವರಲ್ಲಿ ತುಂಬ ಜನಕ್ಕೆ ಕೈಕೆಲಸ ಅಷ್ಟು ಕಷ್ಟವಲ್ಲ. ಸುರಿಯುತ್ತಾರೆ, ಕಲಸುತ್ತಾರೆ, ಸಿಪ್ಪೆ ಸುಲಿಯುತ್ತಾರೆ. ಒಂದು ಕೆಲಸ ಮುಗಿದ ಕೂಡಲೇ ಕೈ ನಿಲ್ಲುತ್ತದೆ, ಕಣ್ಣು ಟೀಚರ್ ಮುಖದ ಕಡೆ ತಿರುಗುತ್ತದೆ. ಮುಂದೇನು? ನಾವು ಹೇಳುತ್ತೇವೆ, ಅವರು ಮಾಡುತ್ತಾರೆ. ವರ್ಷಗಟ್ಟಲೆ ಹೀಗೇ ನಡೆದರೆ ನಮ್ಮ ಮಾತಿಗೆ ಕಾಯುವುದನ್ನೇ ಅವರು ಚೆನ್ನಾಗಿ ಕಲಿತುಬಿಡುತ್ತಾರೆ. ಟ್ಯಾಬ್ಲೆಟ್ ಬೇಕಾಗಿರುವುದು ಇಲ್ಲಿ. 'ಮುಂದೇನು' ಎನ್ನುವುದನ್ನು ವಿದ್ಯಾರ್ಥಿ ನಮ್ಮ ಮುಖದಲ್ಲಿ ಹುಡುಕದೆ ಪರದೆಯಲ್ಲಿ ತಾನೇ ನೋಡಿಕೊಳ್ಳಬೇಕು.

ಇದು ಹೊಸ ಯೋಚನೆಯೇನಲ್ಲ. ಐಪ್ಯಾಡ್ ಬಂದದ್ದು 2010ರಲ್ಲಿ. ಅದಕ್ಕೂ ಮೊದಲು, 2008ರಲ್ಲೇ, ಅಮೆರಿಕದ ಸಂಶೋಧಕಿ ಲಿಂಡಾ ಮೆಕ್ಲಿಂಗ್ ಮತ್ತು ಸಂಗಡಿಗರು ಕೈಯಲ್ಲಿ ಒಯ್ಯಬಹುದಾದ ಡಿವಿಡಿ ಪ್ಲೇಯರ್ ಬಳಸಿ ಬೌದ್ಧಿಕ ವೈಕಲ್ಯ ಇರುವ ಯುವಜನರಿಗೆ ಅಡುಗೆ ಕಲಿಸಿದ ಅಧ್ಯಯನ ಪ್ರಕಟಿಸಿದ್ದರು. ಒಂದು ಹಂತ ನೋಡುವುದು, ಅದನ್ನು ಮಾಡುವುದು, ಮತ್ತೆ ಬಂದು ಮುಂದಿನದನ್ನು ನೋಡುವುದು, ಅಷ್ಟೇ. ಸಾಧನ ಬದಲಾಗಿದೆ, ವಿಧಾನ ಅದೇ ಇದೆ.

ಆ 'ಒಂದು ಹಂತ' ಎನ್ನುವುದು ಬಹಳ ಮುಖ್ಯ. ಇಡೀ ಅಡುಗೆಯ ವಿಡಿಯೋ ಒಮ್ಮೆಗೇ ತೋರಿಸಿ 'ಈಗ ಮಾಡು' ಎಂದರೆ ಆಗುವುದಿಲ್ಲ. ಕೊನೆಗೆ ಬರುವಷ್ಟರಲ್ಲಿ ಮೊದಲಿನದು ಮರೆತಿರುತ್ತದೆ. 2006ರಲ್ಲಿ ಸಂಶೋಧಕಿ ಹೆಲನ್ ಕನೆಲಾ-ಮಲೋನ್ ಮತ್ತು ಸಂಗಡಿಗರು ಈ ಎರಡು ರೀತಿಗಳನ್ನು ಹೋಲಿಸಿದ್ದರು. ಊಟದ ಮೇಜು ಜೋಡಿಸುವುದು, ತಂದ ದಿನಸಿ ಎತ್ತಿಡುವುದು, ಇಂಥ ಮನೆಗೆಲಸಗಳು. ಇಡೀ ವಿಡಿಯೋಗಿಂತ ತುಂಡು ತುಂಡಾಗಿ ತೋರಿಸಿದ್ದೇ ಹೆಚ್ಚು ಕೆಲಸಕ್ಕೆ ಬಂತು. ಯೂಟ್ಯೂಬಿನ ಅಡುಗೆ ವಿಡಿಯೋ ಇಲ್ಲಿ ಉಪಯೋಗಕ್ಕೆ ಬರದಿರಲು ಇದೂ ಒಂದು ಕಾರಣ. ಇನ್ನೊಂದು, ಅದರಲ್ಲಿರುವ ಪಾತ್ರೆ ಬೇರೆ, ಒಲೆ ಬೇರೆ, ಮಾತಂತೂ ವಿಪರೀತ.

ಹಾಗಾಗಿ ನೀವೇ ಶೂಟ್ ಮಾಡಿ. ಮೊಟ್ಟೆ ಬೇಯಿಸುವುದು ಎಂದಿಟ್ಟುಕೊಳ್ಳೋಣ. ಮೊದಲು ನೀವು ಒಮ್ಮೆ ಬೇಯಿಸಿ, ಮಾಡುತ್ತಾ ಮಾಡುತ್ತಾ ಪ್ರತಿ ಚಲನೆಯನ್ನೂ ಬರೆದುಕೊಳ್ಳಿ. ಕುಳಿತು ನೆನಪಿನಿಂದ ಬರೆದರೆ ಅರ್ಧ ಹಂತಗಳು ಬಿಟ್ಟುಹೋಗುತ್ತವೆ. ಪಾತ್ರೆ ತೆಗೆಯುವುದು, ನಲ್ಲಿ ನಿಲ್ಲಿಸುವುದು, ಒಲೆ ಆರಿಸುವುದು ನಮಗೆ ಹಂತ ಅಂತಲೇ ಅನ್ನಿಸುವುದಿಲ್ಲ ಅಲ್ವಾ? ಆಮೇಲೆ ಒಂದೊಂದು ಹಂತಕ್ಕೂ ಒಂದೊಂದು ತುಣುಕು. ಕೆಲವೇ ಸೆಕೆಂಡು ಸಾಕು. ಮಾಡುವವರ ಹೆಗಲ ಮೇಲಿಂದ ಕ್ಯಾಮೆರಾ ಹಿಡಿಯಿರಿ, ತನ್ನ ಕೈಯನ್ನು ತಾನೇ ನೋಡಿದ ಹಾಗೆ ಕಾಣಬೇಕು. ಮುಖ ಬೇಡ, ಸಂಗೀತ ಬೇಡ. 'ಪಾತ್ರೆಗೆ ನೀರು ಹಾಕು' ಎನ್ನುವಷ್ಟು ಚಿಕ್ಕ ಮಾತು ಸಾಕು. ಹಂತ ಮುಗಿದಾಗ ಹೇಗೆ ಕಾಣುತ್ತದೆ ಎನ್ನುವುದನ್ನು ಕೊನೆಯಲ್ಲಿ ಒಂದು ಕ್ಷಣ ನಿಲ್ಲಿಸಿ ತೋರಿಸಿ. ವಿದ್ಯಾರ್ಥಿ ಎಡಗೈಯವರಾದರೆ ಎಡಗೈಯಲ್ಲೇ ಮಾಡಿ ತೋರಿಸಿ.

'ಸ್ವಲ್ಪ ಹೊತ್ತು', 'ರುಚಿಗೆ ತಕ್ಕಷ್ಟು' ಇಂಥ ಮಾತುಗಳಿಂದ ಏನೂ ಪ್ರಯೋಜನವಿಲ್ಲ. ಎಷ್ಟೋ ದೊಡ್ಡವರಿಗೇ ಅವು ಅರ್ಥವಾಗುವುದಿಲ್ಲ ಬಿಡಿ. ನೀರು ಎಲ್ಲಿಯವರೆಗೆ ಎಂದು ಪಾತ್ರೆಗೆ ಬಣ್ಣದ ಟೇಪ್ ಅಂಟಿಸಿ. ಒಲೆಯ ಗುಂಡಿ ಎಲ್ಲಿಗೆ ತಿರುಗಬೇಕೋ ಅಲ್ಲಿ ಒಂದು ಗುರುತು ಹಾಕಿ. ಎಷ್ಟು ಹೊತ್ತು ಎನ್ನುವುದಕ್ಕೆ ಟೈಮರ್ ಇದೆ.

ಅಡುಗೆ ಶುರು ಮಾಡುವ ಮುಂಚೆ ಟ್ಯಾಬ್ಲೆಟ್ ಬಳಸುವುದನ್ನು ಬೇರೆಯಾಗಿ ಕಲಿಸಿ. ಪ್ಲೇ ಒತ್ತುವುದು, ಅದೇ ತುಣುಕನ್ನು ಮತ್ತೆ ನೋಡುವುದು, ಮುಂದಿನದಕ್ಕೆ ಸರಿಸುವುದು. ಇದನ್ನು ಅವರಿಗೆ ಈಗಾಗಲೇ ಗೊತ್ತಿರುವ ಯಾವುದಾದರೂ ಸುಲಭದ ಕೆಲಸದ ಮೇಲೆ ಮಾಡಿಸಿ. ಎರಡು ಹೊಸ ವಿಷಯ ಒಟ್ಟಿಗೆ ಬೇಡ. ಬೇರೆ ಆ್ಯಪ್‌ಗೆ ಹಾರಿಹೋಗುವ ಅಭ್ಯಾಸ ಇದ್ದರೆ ಪರದೆಯನ್ನು ಒಂದೇ ಆ್ಯಪ್‌ಗೆ ಕಟ್ಟಿಹಾಕುವ ಸೆಟ್ಟಿಂಗ್ ಹಾಕಿಡಿ: ಐಪ್ಯಾಡಿನಲ್ಲಿ ಗೈಡೆಡ್ ಆಕ್ಸೆಸ್, ಆಂಡ್ರಾಯ್ಡ್‌ನಲ್ಲಿ ಆ್ಯಪ್ ಪಿನ್ನಿಂಗ್ (ಹಳೆಯ ಹೆಸರು ಸ್ಕ್ರೀನ್ ಪಿನ್ನಿಂಗ್).

ಇನ್ನು ನಿಜವಾಗಿ ಕಷ್ಟದ ಭಾಗ: ನೀವು ಬಾಯಿ ಮುಚ್ಚಿಕೊಂಡಿರುವುದು. ವಿದ್ಯಾರ್ಥಿ ನಿಂತುಬಿಟ್ಟರೆ ತಕ್ಷಣ ಹೇಳಿಕೊಡಬೇಡಿ. ಮನಸ್ಸಿನಲ್ಲೇ ಐದು ಎಣಿಸಿ. ಆಗಲೂ ಕೈ ಮುಂದೆ ಹೋಗದಿದ್ದರೆ ಸುಮ್ನೆ ಟ್ಯಾಬ್ಲೆಟ್ ಕಡೆ ಬೆರಳು ತೋರಿಸಿ. ಅದಕ್ಕೂ ಆಗದಿದ್ದರೆ ತುಣುಕನ್ನು ಮತ್ತೆ ಹಾಕಿಸಿ, ಆಮೇಲೆ ಮಾತಿನಲ್ಲಿ ಹೇಳಿ, ಆಮೇಲೆ ಮಾಡಿ ತೋರಿಸಿ. ಕೈ ಹಿಡಿದು ಮಾಡಿಸುವುದು ಕಟ್ಟಕಡೆಗೆ. ಯಾವ ಹಂತದಲ್ಲಿ ಎಷ್ಟು ಸಹಾಯ ಬೇಕಾಯಿತು ಎಂದು ಪ್ರತಿ ಸಲ ಒಂದು ಹಾಳೆಯಲ್ಲಿ ಗುರುತು ಹಾಕಿಕೊಳ್ಳಿ. ಅದೇ ಹಂತದಲ್ಲಿ ಮತ್ತೆ ಮತ್ತೆ ನಿಲ್ಲುತ್ತಿದ್ದರೆ ವಿದ್ಯಾರ್ಥಿಯನ್ನು ದೂರುವ ಮೊದಲು ಆ ತುಣುಕನ್ನು ನೋಡಿ. ಸಾಮಾನ್ಯವಾಗಿ ಅದರಲ್ಲಿ ಎರಡು ಹಂತ ಸೇರಿಕೊಂಡಿರುತ್ತವೆ.

ಆದರೆ ಈ ಸುಮ್ಮನಿರುವ ನಿಯಮ ಬೆಂಕಿ ಮತ್ತು ಚಾಕುವಿಗೆ ಅನ್ವಯಿಸುವುದಿಲ್ಲ. ಬಿಸಿ ಎಷ್ಟು ಎಂದು ಯಾವ ವಿಡಿಯೋವೂ ತೋರಿಸಲಾರದು. ಆ ಹಂತಗಳಲ್ಲಿ ಕೈಗೆಟಕುವಷ್ಟು ಹತ್ತಿರ ನಿಂತಿರಿ. ಮೊದಲ ತಿನಿಸುಗಳು ಒಲೆಯೇ ಬೇಡದಂಥವು ಆಗಿರಲಿ. ಯಾರಿಗೆ ಮೂರ್ಛೆರೋಗ ಇದೆ, ಯಾರಿಗೆ ಅಲರ್ಜಿ ಇದೆ ಎಂದು ಮನೆಯವರನ್ನು ಮೊದಲೇ ಕೇಳಿ. ಪ್ರೇಡರ್-ವಿಲ್ಲಿ ಸಿಂಡ್ರೋಮ್ ಎಂಬ ಹುಟ್ಟಿನಿಂದಲೇ ಬರುವ ತೊಂದರೆ ಇರುವವರಿಗೆ ಸಾಮಾನ್ಯವಾಗಿ ಹಸಿವು ತಣಿಯುವುದೇ ಇಲ್ಲ. ಅವರನ್ನು ಆಹಾರದ ಜೊತೆ ಬಿಡುವ ಮುಂಚೆ ಪೋಷಕರು, ವೈದ್ಯರ ಜೊತೆ ಕೂತು ಮಾತಾಡಲೇಬೇಕು.

ಸಣ್ಣ ಸಂಗತಿ, ಆದರೆ ಎಲ್ಲರಿಗೂ ಎದುರಾಗುತ್ತದೆ: ಒದ್ದೆ ಕೈಗೆ ಪರದೆ ಸರಿಯಾಗಿ ಓಗೊಡುವುದಿಲ್ಲ. ಹಸಿ ಮೊಟ್ಟೆ, ಹಸಿ ಮಾಂಸ ಮುಟ್ಟಿದ ಕೈಯಲ್ಲಿ ಪರದೆ ಮುಟ್ಟಿದರೆ ಕೊಳೆ ಎಲ್ಲ ಕಡೆ ಹರಡುತ್ತದೆ. ಅಂಥ ಹಂತದ ತುಣುಕಿನಲ್ಲೇ ಕೊನೆಗೆ ಕೈ ತೊಳೆದು ಒರೆಸುವುದನ್ನೂ ಸೇರಿಸಿ. ಒಂದು ತುಣುಕಿಗೆ ಒಂದೇ ಹಂತ ಎನ್ನುವುದಕ್ಕೆ ನಾನು ಕೊಡುವ ರಿಯಾಯಿತಿ ಇದೊಂದೇ. ಟ್ಯಾಬ್ಲೆಟ್ಟನ್ನು ಸ್ಟ್ಯಾಂಡಿನಲ್ಲಿ ನಿಲ್ಲಿಸಿ, ಒಲೆಯಿಂದ ದೂರ ಇಡಿ.

'ಕೊನೆಗೆ ಟ್ಯಾಬ್ಲೆಟ್ ಬಿಡಿಸಬೇಕಲ್ವಾ' ಎಂದು ಪೋಷಕರು ಕೇಳುತ್ತಾರೆ. ಕೆಲವರು ತಾವಾಗೇ ತುಣುಕು ದಾಟಿಸಿಕೊಂಡು ಹೋಗತೊಡಗುತ್ತಾರೆ. ಅಂಥವರಿಗೆ ಎರಡು ಮೂರು ತುಣುಕು ಸೇರಿಸಿ ಒಂದು ಮಾಡಿ. ಕೆಲವರಿಗೆ ಅದು ಕೊನೆವರೆಗೂ ಬೇಕಾಗಬಹುದು, ಇರಲಿ ಬಿಡಿ. ಟೀಚರ್ ಮನೆಗೆ ಬರಲಾಗುವುದಿಲ್ಲ, ಫೋನು ಹೇಗೂ ಜೇಬಿನಲ್ಲಿ ಇರುತ್ತದೆ.

ಮನೆಯ ವಿಷಯ ಬಂತು ನೋಡಿ. ಶಾಲೆಯಲ್ಲಿ ಚೆನ್ನಾಗಿ ಮಾಡುವವರು ಮನೆಯ ಅಡುಗೆಮನೆಯಲ್ಲಿ ತಡವರಿಸುವುದು ಮಾಮೂಲು. ತುಣುಕುಗಳನ್ನು ಮನೆಯವರ ಫೋನಿಗೆ ಕಳಿಸಿ. ಅಲ್ಲಿನ ಒಲೆ, ಪಾತ್ರೆ ಬೇರೆ ಇದ್ದರೆ ಆ ತುಣುಕುಗಳನ್ನು ಮಾತ್ರ ಅಲ್ಲೇ ಹೊಸದಾಗಿ ಶೂಟ್ ಮಾಡಲು ಹೇಳಿ, ಮಿಕ್ಕಿದ್ದೆಲ್ಲ ಹಾಗೇ ನಡೆಯುತ್ತದೆ.