ಸಂಪಾದಕರ ಉತ್ತರ: ದೇವರಗುಡ್ಡದ ಹಾಡಿಗೆ ಎಷ್ಟು ಹೆಸರು?

ರಾಣೆಬೆನ್ನೂರಿನ ವಿದ್ಯಾರ್ಥಿನಿಯೊಬ್ಬರು ಬರೆದಿದ್ದಾರೆ: "ದೇವರಗುಡ್ಡದ ಗೊರವರ ಹಾಡುಗಳ ಮೇಲೆ ಪ್ರಬಂಧ ಬರೆಯಬೇಕೆಂದಿದ್ದೇನೆ. ಗುಡ್ಡ ಹತ್ತುವ ಮೊದಲು ಏನೇನು ಸಂಗ್ರಹವಾಗಿದೆ ನೋಡೋಣವೆಂದು ಅಂತರ್ಜಾಲ ತಡಕಿದರೆ ಬರೀ ಡಿಜೆ ಹಾಡು ಸಿಗುತ್ತವೆ. ಗ್ರಂಥಾಲಯದಲ್ಲಿ ಕೇಳಿದರೆ ಆ ಹೆಸರಿನ ಪುಸ್ತಕ ಇಲ್ಲ ಅಂದರು. ಎಲ್ಲಿಂದ ಶುರು ಮಾಡಲಿ?"

ಹೆಸರಿನಿಂದಲೇ ಶುರು ಮಾಡಿ. 'ದೇವರಗುಡ್ಡದ ಹಾಡು' ಎಂದು ಹುಡುಕಿದರೆ ಸಿಗದ್ದು ಬೇರೆ ಹೆಸರಿನಲ್ಲಿ ಸಿಗುತ್ತದೆ. ದೀಕ್ಷೆ ಪಡೆದ ಭಕ್ತರಾದ ಗೊರವರು ಹಾಡುವ ದೇವರು ಒಬ್ಬನೇ, ಆದರೆ ಮೈಲಾರಲಿಂಗ, ಮಾಲತೇಶ, ಮಲ್ಲಯ್ಯ, ಮಾರ್ತಾಂಡ ಭೈರವ, ಏಳುಕೋಟಿ ಎಂದು ಕರೆಯುವ ಬಾಯಿ ಹಲವು. ಮೈಲಾರನ ಹೆಂಡತಿ ಗಂಗಿಮಾಳವ್ವನ ಹೆಸರಿನಲ್ಲಿ ಅಚ್ಚಾದ ಹಾಡಿನಲ್ಲೂ ಕಥೆ ಮೈಲಾರನದೇ ಇರುತ್ತದೆ. ಗಡಿ ದಾಟಿದರೆ ಮರಾಠಿಯಲ್ಲಿ ಖಂಡೋಬಾ, ತೆಲುಗಿನಲ್ಲಿ ಮಲ್ಲಣ್ಣ. ಜರ್ಮನ್ ವಿದ್ವಾಂಸ ಗುಂಥರ್ ಸೊಂಥೈಮರ್ (1934–1992) ಖಂಡೋಬಾ ಮತ್ತು ಮೈಲಾರರನ್ನು ಒಟ್ಟಿಗೆ ಇಟ್ಟು ಅಧ್ಯಯನ ಮಾಡಿದವರು. ಅವರ ಲೇಖನಗಳು ಖಂಡೋಬಾ ಹೆಸರಿನಡಿ ಸಿಗುವುದರಿಂದ ಕನ್ನಡದಲ್ಲಷ್ಟೇ ಹುಡುಕುವವರ ಕಣ್ಣಿಗೆ ಬೀಳುವುದಿಲ್ಲ.

ಊರಿನ ಹೆಸರಿನದೂ ಇದೇ ಪಾಡು. ದೇವರಗುಡ್ಡಕ್ಕೆ ಗುಡ್ಡಗುಡ್ಡಾಪುರ ಎಂಬ ಇನ್ನೊಂದು ಹೆಸರಿದೆ. 1884ರ ಧಾರವಾಡ ಜಿಲ್ಲಾ ಗೆಝೆಟಿಯರ್ (ಮುಂಬಯಿ ಪ್ರಾಂತದ 22ನೆಯ ಸಂಪುಟ) ನೋಡುವಾಗ ಎರಡೂ ಹೆಸರು ಹುಡುಕಿ. ಅಲ್ಲಿ ಊರ ಹೆಸರುಗಳ ಸ್ವರದ ಮೇಲೆ ಗೀಟು ಹಾಕಿ ಅಚ್ಚು ಮಾಡಿದ್ದಾರೆ, ಸ್ಕ್ಯಾನ್ ಮಾಡಿದ ಪುಟವನ್ನು ಪಠ್ಯವಾಗಿಸುವ ಯಂತ್ರ ಆ ಅಕ್ಷರವನ್ನೇ ತಪ್ಪಾಗಿ ಓದುತ್ತದೆ. ಹಾಗಾಗಿ ಇಡೀ ಹೆಸರು ಹಾಕದೆ ಗೀಟಿಲ್ಲದ ಮೊದಲ ನಾಲ್ಕೈದು ಅಕ್ಷರ ಮಾತ್ರ ಹಾಕಿ ನೋಡಿ. ಹಾವೇರಿ ಜಿಲ್ಲೆಯಾದದ್ದು 1997ರಲ್ಲಿ. ಅದಕ್ಕಿಂತ ಹಿಂದಿನ ಪ್ರಬಂಧ, ಸಂಗ್ರಹಗಳಲ್ಲಿ ನಿಮ್ಮ ಊರು ಧಾರವಾಡ ಜಿಲ್ಲೆಯಲ್ಲಿದೆ.

ಬಹಳ ಜನ ಎಡವುವುದು ಇನ್ನೊಂದು ಕಡೆ. ದೇವರಗುಡ್ಡದ ಗೊರವರಿಗೂ ಹೂವಿನಹಡಗಲಿ ತಾಲೂಕಿನ ಮೈಲಾರಕ್ಕೂ ಬಿಡಿಸಲಾಗದ ನಂಟು, ನಡುವೆ ಇರುವುದು ತುಂಗಭದ್ರೆ. ಆದರೆ ಬ್ರಿಟಿಷರ ಕಾಲದಲ್ಲಿ ಈಚೆ ದಡ ಮುಂಬಯಿ ಪ್ರಾಂತ, ಆಚೆ ದಡ ಮದ್ರಾಸ್ ಪ್ರಾಂತದ ಬಳ್ಳಾರಿ ಜಿಲ್ಲೆ. ಒಂದೇ ದೇವರ ದಾಖಲೆ ಎರಡು ಸರ್ಕಾರಗಳ ಕಪಾಟಿನಲ್ಲಿ ಕೂತಿತು. 2021ರಿಂದ ಮೈಲಾರ ವಿಜಯನಗರ ಜಿಲ್ಲೆಗೆ ಸೇರಿದೆ. ಧಾರವಾಡ, ಬಳ್ಳಾರಿ, ವಿಜಯನಗರ ಮೂರೂ ಹೆಸರಿನಿಂದ ಹುಡುಕದಿದ್ದರೆ ಅರ್ಧ ಕೆಲಸವಷ್ಟೇ ಆಗುತ್ತದೆ.

ಇನ್ನು ಗ್ರಂಥಾಲಯ. ವಿಷಯಕ್ಕೊಂದು ಅಂಕಿ ಕೊಡುವ ಡ್ಯೂಯಿ ಪದ್ಧತಿಯಲ್ಲಿ ಪುಸ್ತಕ ಜೋಡಿಸಿದ ಕಡೆ ಜಾನಪದ 398ರಲ್ಲಿ, ಜನಪದ ಸಂಗೀತ 781.62ರಲ್ಲಿ, ಕನ್ನಡ ಸಾಹಿತ್ಯ 894.814ರಲ್ಲಿ ಇರುತ್ತದೆ. ಹಾಡಿನ ಸಂಗ್ರಹಗಳನ್ನು ಸಾಹಿತ್ಯವೆಂದು ಎಣಿಸಿ ಮೂರನೆಯ ಕಪಾಟಿಗೆ ಹಾಕಿರುವುದು ಹೆಚ್ಚು. ಪುಸ್ತಕದ ಹೆಸರು ಕೇಳಬೇಡಿ, ಆ ಮೂರೂ ಕಪಾಟಿನ ಮುಂದೆ ನಿಂತು ಒಂದೊಂದೇ ಪುಸ್ತಕದ ಪರಿವಿಡಿ ತೆಗೆದು ನೋಡಿ. ಧಾರವಾಡದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಗ್ರಂಥಾಲಯ, 1939ರಲ್ಲಿ ಶುರುವಾದ ಕನ್ನಡ ಸಂಶೋಧನ ಸಂಸ್ಥೆ, ನಿಮಗೆ ಇನ್ನೂ ಹತ್ತಿರದಲ್ಲಿ ಶಿಗ್ಗಾವಿ ತಾಲೂಕು ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯ: ಈ ಮೂರಕ್ಕೆ ತಲಾ ಒಂದು ದಿನ ಇಟ್ಟುಕೊಳ್ಳಿ.

ಪಿಎಚ್.ಡಿ. ಪ್ರಬಂಧಗಳಿಗೆ ಶೋಧಗಂಗಾ ಎಂಬ ಜಾಲತಾಣ ಇದೆ. ಅಲ್ಲಿ ಒಂದೊಂದು ಅಧ್ಯಾಯಕ್ಕೆ ಒಂದೊಂದು ಕಡತ. ಮೊದಲ ಅಧ್ಯಾಯದಿಂದ ಓದುತ್ತ ಕೂರಬೇಡಿ, ಕೊನೆಯ ಕಡತ ತೆರೆಯಿರಿ. ಹಾಡಿನ ಪಠ್ಯ, ಹಾಡಿದವರ ಊರು, ಗ್ರಂಥಸೂಚಿ ಸಾಮಾನ್ಯವಾಗಿ ಅನುಬಂಧದಲ್ಲೇ ಇರುತ್ತವೆ. ತೆರೆದ ಮೇಲೆ 'ಗೊರವ' ಎಂದು ಹುಡುಕಿದಿರಿ, ಸೊನ್ನೆ ಬಂತು, ಆದರೆ ಪುಟದ ಮೇಲೆ ಆ ಪದ ಕಣ್ಣಿಗೇ ಕಾಣುತ್ತಿದೆ ಎಂದುಕೊಳ್ಳಿ. ಅದು ಯೂನಿಕೋಡ್ ಅಲ್ಲದ, ಹಳೆಯ 'ನುಡಿ' ತಂತ್ರಾಂಶದ ಅಕ್ಷರ. ಕಾಣುವುದು ಕನ್ನಡ, ಒಳಗೆ ಕೂತಿರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ. ಬೇಕಾದ ಐದಾರು ಪುಟಗಳನ್ನು ಚಿತ್ರವಾಗಿ ಉಳಿಸಿ, ಗೂಗಲ್ ಡ್ರೈವ್‌ಗೆ ಹಾಕಿ, ಗೂಗಲ್ ಡಾಕ್ಸ್‌ನಲ್ಲಿ ತೆರೆದರೆ ಪಠ್ಯವಾಗಿ ಬರುತ್ತದೆ. ಒತ್ತಕ್ಷರ ಮತ್ತು ದೀರ್ಘ ತಪ್ಪುವುದು ಸಾಮಾನ್ಯ, ಮೂಲ ಪಕ್ಕದಲ್ಲಿಟ್ಟು ತಿದ್ದಿಕೊಳ್ಳಿ.

ಇಂಟರ್ನೆಟ್ ಆರ್ಕೈವ್‌ನಲ್ಲಿ ಹಳೆಯ ಕನ್ನಡ ಪುಸ್ತಕ ಸಾಕಷ್ಟಿವೆ, ಆದರೆ ಹಲವದರ ಹೆಸರು ಇಂಗ್ಲಿಷ್ ಲಿಪಿಯಲ್ಲಿ, ಏರಿಸಿದವರಿಗೆ ತೋಚಿದಂತೆ ಇದೆ. 'ಮೈಲಾರ'ದ 'ಮೈ'ಯನ್ನು ಎಂ-ವೈ, ಎಂ-ಎ-ಐ ಎರಡೂ ಬಗೆಯಲ್ಲಿ, 'ಲಾ'ವನ್ನು ಒಂದು ಎ, ಎರಡು ಎ ಹಾಕಿ ಹುಡುಕಿ. ಇಳಿಸಿಕೊಂಡ ಕೂಡಲೇ ಪುಟಸಂಖ್ಯೆ ಸಾಲಾಗಿ ಇದೆಯೇ ನೋಡಿ. ನಡುವೆ ಎರಡು ಪುಟ ಬಿಟ್ಟುಹೋದ ಸ್ಕ್ಯಾನ್‌ನಲ್ಲಿ ಒಂದು ಹಾಡಿನ ತಲೆ ಇನ್ನೊಂದರ ಬಾಲಕ್ಕೆ ಅಂಟಿಕೊಳ್ಳುತ್ತದೆ.

ಡಿಜೆ ಹಾಡನ್ನು ತಳ್ಳಿಹಾಕಬೇಡಿ. ಕೀಬೋರ್ಡ್ ಹೊಸದಾದರೂ ಸೊಲ್ಲು (ಪಲ್ಲವಿ) ಹಳೆಯದಿರಬಹುದು, ಮುದ್ರಿತ ಪಠ್ಯದ ಜೊತೆ ಹೋಲಿಸಿ. ಆದರೆ ಶ್ರುತಿಯ ಬಗ್ಗೆ ಅದರಿಂದ ಏನೂ ತೀರ್ಮಾನಿಸಬೇಡಿ. ಕ್ಯಾಸೆಟ್ ಶೇಕಡಾ 6ರಷ್ಟು ವೇಗವಾಗಿ ಓಡಿದರೆ ಹಾಡು ಸುಮಾರು ಅರ್ಧ ಸ್ವರ ಮೇಲೇರುತ್ತದೆ. ಹಳೆಯ ಕ್ಯಾಸೆಟ್‌ನಿಂದ ಏರಿಸಿದವುಗಳಲ್ಲಿ ಇದು ಅಪರೂಪವಲ್ಲ.

ಮುದ್ರಿತ ಪಠ್ಯಕ್ಕೂ ಅದರದೇ ಕೊರತೆ ಇದೆ. ಸಂಪಾದಕರು ಸೊಲ್ಲನ್ನು ಮೇಲೆ ಒಮ್ಮೆ ಅಚ್ಚು ಹಾಕಿ ಬಿಡುತ್ತಾರೆ, ಹಾಡುವಾಗ ಹಿಮ್ಮೇಳ ಅದನ್ನು ಮತ್ತೆ ಮತ್ತೆ ಎತ್ತಿಕೊಳ್ಳುತ್ತದೆ. ತ್ರಿಪದಿ ಪುಸ್ತಕದಲ್ಲಿ ಮೂರೇ ಸಾಲು, ಹಾಡುವಾಗ ಎರಡನೆಯ ಸಾಲು ಮರುಕಳಿಸುತ್ತದೆ. 'ಹೋಗ್ಯಾನ' ಎಂದು ಹಾಡಿದ್ದನ್ನು 'ಹೋಗಿದ್ದಾನೆ' ಎಂದು ತಿದ್ದಿದ ಸಂಗ್ರಹಗಳೂ ಇವೆ. ಅಂಥ ಪುಸ್ತಕದಿಂದ ಕಥೆ ತೆಗೆದುಕೊಳ್ಳಬಹುದು, ಲಯವನ್ನು ಮಾತ್ರ ಅಲ್ಲ.

ಸಿಕ್ಕ ಪ್ರತಿ ಹಾಡಿಗೂ ಒಂದು ಚೀಟಿ ಮಾಡಿ. ಮೊದಲ ಸಾಲು ಇದ್ದದ್ದು ಇದ್ದಂತೆ, ಸೊಲ್ಲು, ದೇವರನ್ನು ಕರೆದ ಹೆಸರು, ಹಾಡಿದವರ ಊರು, ಸಂಗ್ರಹಿಸಿದ ವರ್ಷ, ಪುಸ್ತಕ ಮತ್ತು ಪುಟ. ಹಾಡಿಗೆ ಸಂಪಾದಕರು ಕೊಟ್ಟ ಶೀರ್ಷಿಕೆ ಬೇಕಿಲ್ಲ, ಅದು ಗೊರವರಿಗೇ ಗೊತ್ತಿರುವುದಿಲ್ಲ. ದಸರೆ ಹೊತ್ತಿಗೆ ಗೊರವಪ್ಪ ಬಿಲ್ಲು ಏರಿ ನುಡಿಯುವ ಕಾರಣಿಕ, ಅಂದರೆ ಭವಿಷ್ಯವಾಣಿ, ಹಾಡಲ್ಲ, ನುಡಿ. ಅದನ್ನು ಬೇರೆ ಬಣ್ಣದ ಚೀಟಿಯಲ್ಲಿ ಬರೆದಿಡಿ. ವರ್ಷವರ್ಷದ ಕಾರಣಿಕ ಪತ್ರಿಕೆಗಳಲ್ಲಿ ಅಚ್ಚಾಗುತ್ತದೆ, ಹಳೆಯ ಪತ್ರಿಕೆಗಳ ಕಟ್ಟಿನಲ್ಲಿ ಸಿಗುತ್ತದೆ.

ನಲವತ್ತು ಚೀಟಿಗಳಾದ ಮೇಲೆ ಗುಡ್ಡ ಹತ್ತಿ. ಜಾತ್ರೆಯ ದಿನ ಬೇಡ, ಗದ್ದಲದಲ್ಲಿ ಡಮರುಗ ಬಿಟ್ಟರೆ ಏನೂ ಕೇಳಿಸದು. ರವಿವಾರ ಮೈಲಾರನ ವಾರ, ಮುಂಜಾನೆ ಬೇಗ ಹೋಗಿ. ಹಿರಿಯ ಗೊರವಪ್ಪನವರ ಮುಂದೆ ಕೂತು ಚೀಟಿಯ ಮೊದಲ ಸಾಲು ಓದಿ ಸುಮ್ಮನಾಗಿ. ಎರಡನೆಯ ಸಾಲು ಅವರ ಬಾಯಿಂದ ಬಂದರೆ ಆಗ ರೆಕಾರ್ಡರ್ ಹಚ್ಚಲೇ ಎಂದು ಕೇಳಿ.