ಜೇಬುಚಾಕುವಿಗೆ ಯಾವ ಹಿಡಿ?

ಪ್ರಶ್ನೆ: ಹಲವು ಉಪಕರಣಗಳಿರುವ ಜೇಬುಚಾಕುವೊಂದನ್ನು ಕೊಳ್ಳಬೇಕೆಂದಿದ್ದೇನೆ. ಒಂದೇ ಬಗೆಯ ಚಾಕು ಪ್ಲಾಸ್ಟಿಕ್, ಅಲ್ಯೂಮಿನಿಯಂ ಹಾಗೂ ಮರದ ಹಿಡಿಗಳಲ್ಲಿ ಸಿಗುತ್ತಿದೆ. ಯಾವುದನ್ನು ಆರಿಸಿಕೊಳ್ಳಲಿ?

ಉತ್ತರ: ಚಾಕು ದಿನವಿಡೀ ಬೀಗದ ಕೈಗಳ ಜೊತೆಯಲ್ಲಿ ಜೇಬಿನಲ್ಲೇ ಇರುವುದಾದರೆ ಅಲ್ಯೂಮಿನಿಯಂ ಹಿಡಿಯೇ ಮೇಲು ಎಂಬುದು ನನ್ನ ಅಭಿಪ್ರಾಯ. ಘನ ಸೆಂಟಿಮೀಟರಿಗೆ ಸುಮಾರು 2.7 ಗ್ರಾಂ ತೂಗುವ ಈ ಲೋಹ ಉಕ್ಕಿನ ಮೂರನೇ ಒಂದು ಭಾಗದಷ್ಟೇ ಭಾರ. ಆನೋಡೀಕರಣದಿಂದ, ಅಂದರೆ ವಿದ್ಯುತ್ ಹರಿಸಿ ಲೋಹದ ಮೇಲೆ ಗಟ್ಟಿ ಆಕ್ಸೈಡ್ ಪದರ ಬೆಳೆಸುವುದರಿಂದ, ಮೇಲ್ಮೈ ಗಡುಸಾಗಿರುತ್ತದೆ, ಅದರ ಮೇಲೆ ಒತ್ತಿದ ಸಣ್ಣ ಗೀರುಗಳ ವಿನ್ಯಾಸದಿಂದಾಗಿ ಒದ್ದೆ ಕೈಯಲ್ಲೂ ಅಷ್ಟು ಸುಲಭವಾಗಿ ಜಾರುವುದಿಲ್ಲ. ಆದರೆ ಚಳಿಯಲ್ಲಿ ಅದು ಕೈಗೆ ತಣ್ಣಗೆ ತಾಗುತ್ತದೆ. ಅಲ್ಲದೆ, ಇಂತಹ ತೆಳು ಹಿಡಿಯಲ್ಲಿ ಚಿಮಟ ಮತ್ತು ಹಲ್ಲುಕಡ್ಡಿ ಸೇರಿಸುವ ಕಿಂಡಿ ಸಾಮಾನ್ಯವಾಗಿ ಇರುವುದಿಲ್ಲ. ಮುಳ್ಳು ಚುಚ್ಚಿಸಿಕೊಂಡವರಿಗೆ ಇದು ಸಣ್ಣ ಕೊರತೆಯಲ್ಲ.

ಪ್ಲಾಸ್ಟಿಕ್ ಹಿಡಿ ನೋಡಲು ನುಣುಪು, ಹಿಡಿಯಲು ಹಿತ, ಆದರೆ ಬೇಗ ಗೀಚುಬೀಳುತ್ತದೆ. ಅನೇಕ ಮಾದರಿಗಳಲ್ಲಿ ಅದನ್ನು ರಿವೆಟ್ಟಿನ (ಚಾಕುವಿನ ಪದರಗಳನ್ನು ಬಿಗಿದಿಡುವ ಲೋಹದ ಮೊಳೆ) ತಲೆಗಳ ಮೇಲೆ ಒತ್ತಿ ಕೂರಿಸಿರುವುದರಿಂದ, ಹಾಳಾದರೆ ಮನೆಯಲ್ಲೇ ಬದಲಾಯಿಸಬಹುದು. ರಿವೆಟ್ ಹೊಡೆದ ಲೋಹದ ಹಿಡಿಗೆ ಆ ಅನುಕೂಲವಿಲ್ಲ. ಉಗುರುಬಣ್ಣ ತೆಗೆಯುವ ಅಸಿಟೋನ್ ಹಾಗೂ ಡೀಟ್ ಎಂಬ ರಾಸಾಯನಿಕ ಇರುವ ಸೊಳ್ಳೆ ನಿವಾರಕ ಈ ಪ್ಲಾಸ್ಟಿಕ್ಕನ್ನು ಕರಗಿಸಿ ಅಂಟಂಟು ಮಾಡಬಲ್ಲವು, ಆದ್ದರಿಂದ ಅವುಗಳಿಂದ ದೂರವಿಡಿ.

ಸ್ವಿಸ್ ಸೇನೆಯ 1890ರ ಮಾದರಿಯ ಚಾಕುವಿಗಿದ್ದದ್ದು ಮರದ ಹಿಡಿಯೇ. ಬೆವರಿದ ಕೈಗೆ ಅದು ಹಿತವೆನಿಸಿದರೂ ನೀರಿನಲ್ಲಿ ನೆನೆದು ಒಣಗುತ್ತಿದ್ದರೆ ಬಿರುಕು ಬಿಡುತ್ತದೆ. ಆಗಾಗ ಅಗಸೆ ಎಣ್ಣೆ ಸವರುವ ತಾಳ್ಮೆಯಿದ್ದರೆ ಮಾತ್ರ ಕೊಳ್ಳಿ.